ಮತ್ತೆ ಒಂದರಿಂದ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂತು. "ಮನಸ್ಸು ತಿಳಿಯಾಗಲಿ ದೊಡ್ಡಪ್ಪ, ಆಮೇಲೆ ಬರೀತೀನಿ" ಅಂದಿದ್ದೀಯ. ಆ ಮಾತು ಓದಿ ತಡೆಯಲಾಗಲಿಲ್ಲ, ಕೂಡಲೇ ಬರೆಯಲು ಕೂತೆ. ಎಷ್ಟೋ ವರ್ಷ ನಾನೂ ಹಾಗೇ ಕಾದವನು.

ಜೆನ್ ಅಂದರೆ ಬೌದ್ಧರ ಒಂದು ಧ್ಯಾನದ ಹಾದಿ. ಅದು ಶಾಂತ ಮನಸ್ಸಿನವರ ದಾರಿ ಅಂತಲೇ ನಾನೂ ತಿಳಿದಿದ್ದೆ. ನಮ್ಮ 'ಧ್ಯಾನ' ಅನ್ನುವ ಪದವೇ ಚೀನಾದಲ್ಲಿ ಚಾನ್ ಆಗಿ, ಜಪಾನಿನಲ್ಲಿ ಜೆನ್ ಆಯಿತು. ಅಲ್ಲಿ ಹೊಸಬರಿಗೆ ಸಾಮಾನ್ಯವಾಗಿ ಮೊದಲು ಉಸಿರು ಎಣಿಸಲು ಹೇಳಿಕೊಡುತ್ತಾರೆ. ಒಂದರಿಂದ ಹತ್ತು, ಮತ್ತೆ ಒಂದು. ಸುಲಭ ಅನ್ನಿಸುತ್ತೆ ಅಲ್ವಾ? ಕೂತು ನೋಡು. ಮೂರಕ್ಕೆ ಬರುವಷ್ಟರಲ್ಲಿ ನನಗೆ ಯಾವುದೋ ಹಳೇ ಜಗಳ ನೆನಪಾಗುತ್ತಿತ್ತು. ಕೆಲವು ಸಲ ಗೊತ್ತೇ ಆಗದೆ ಹದಿನೇಳಕ್ಕೆ ಹೋಗಿರುತ್ತಿದ್ದೆ. ತಪ್ಪಿದ್ದು ಗೊತ್ತಾದರೆ ಸುಮ್ನೆ ಒಂದಕ್ಕೆ ಮರಳಬೇಕು, ಅಷ್ಟೇ. ನಾನೋ, ಪ್ರತಿ ಸಲ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಎಣಿಸಿದ್ದಕ್ಕಿಂತ ಬೈದುಕೊಂಡದ್ದಕ್ಕೇ ಜಾಸ್ತಿ ಹೊತ್ತು ಹೋಯಿತು. ನೀನು ಒಂದು ಸಾಲು ಬರೆದು, ಛೆ ಅಂದು ಅಳಿಸಿ, ಮತ್ತೆ ಬರೆದು ಅಳಿಸುತ್ತೀಯಲ್ಲ, ಅದೂ ಇದೇ.

ಡೋಗೆನ್ ಅನ್ನುವ ಜಪಾನಿ ಗುರು 1223ರಲ್ಲಿ ಕಲಿಯಲೆಂದು ಚೀನಾಕ್ಕೆ ಹೋದರು. ಅಲ್ಲಿನ ಮಠದಲ್ಲಿ ಒಬ್ಬ ಮುದಿ ಅಡುಗೆಯವರು ಸುಡುಬಿಸಿಲಲ್ಲಿ ಅಣಬೆ ಒಣಗಿಸುತ್ತಿದ್ದರಂತೆ. ಬೆನ್ನು ಬಿಲ್ಲಿನಂತೆ ಬಾಗಿತ್ತು. ತಲೆಗೆ ಟೋಪಿ ಇಲ್ಲ, ಕಾಲಡಿಯ ನೆಲ ಕಾದಿತ್ತು. ಈ ಕೆಲಸ ಬೇರೆಯವರಿಗೆ ಹೇಳಬಾರದೇ ಅಂತ ಡೋಗೆನ್ ಕೇಳಿದರೆ, ಬೇರೆಯವರು ನಾನಲ್ಲವಲ್ಲ ಅಂದರು ಆ ಮುದುಕರು. ಇಷ್ಟು ಬಿಸಿಲಲ್ಲೇ ಯಾಕೆ ಅಂದರೆ, ಮತ್ತೆ ಯಾವ ಹೊತ್ತಿಗೆ ಕಾಯಲಿ ಅಂದರು. ಡೋಗೆನ್‌ಗೆ ಮುಂದೆ ಮಾತು ಹೊರಡಲಿಲ್ಲ. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿ, ಅರ್ಧಕ್ಕೆ ಬಿಟ್ಟಿದ್ದ ಹಸ್ತಪ್ರತಿ ಹೊರಗೆ ತೆಗೆದೆ.

ನೀನು ಹೀಗೆ ಮಾಡು. ದಿನಾ ಒಂದೇ ಹೊತ್ತಿಗೆ ಇಪ್ಪತ್ತು ನಿಮಿಷ ಕೂರು. ಪೆನ್ನು, ಕಾಗದ ಸಾಕು, ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಮುಂದಿರುವ ಒಂದು ಲೋಟವನ್ನೇ ಬರೆ. ಅಂಚಿನ ನಗ್ಗು, ಹೊರಗಡೆ ಅಂಟಿದ ನೀರಹನಿ, ಆ ಹನಿಯೊಳಗೆ ತಲೆಕೆಳಗಾಗಿ ಕಾಣುವ ಕಿಟಕಿ. ಬರೆಯುತ್ತಾ "ಇದನ್ನು ಯಾರು ಓದ್ತಾರೆ" ಅಂತ ಅನ್ನಿಸಿಯೇ ಅನ್ನಿಸುತ್ತೆ. ಅನ್ನಿಸಲಿ. ಮತ್ತೆ ಲೋಟಕ್ಕೆ ಬಾ. ಆ ಇಪ್ಪತ್ತು ನಿಮಿಷ ಒಂದು ಅಕ್ಷರವನ್ನೂ ಹೊಡೆದು ಹಾಕಬೇಡ.

ಹಾಗಾದರೆ ತಿದ್ದುವುದೇ ಬೇಡವೇ ಅಂತ ಕೇಳುತ್ತೀಯ, ಗೊತ್ತು. ತಿದ್ದಲೇಬೇಕು, ಅದಕ್ಕೆ ಬೇರೆ ದಿನ ಇಟ್ಟುಕೋ. ಹೈಕು ಅನ್ನುವ ಪುಟ್ಟ ಕವಿತೆಗಳನ್ನು ಬರೆದ ಜಪಾನಿ ಕವಿ ಬಾಶೋ ಜೆನ್ ಗುರುವಿನ ಹತ್ತಿರ ಧ್ಯಾನ ಕಲಿತವರು. 1689ರಲ್ಲಿ ಅವರು ಜಪಾನಿನ ಉತ್ತರಕ್ಕೆ ತಿಂಗಳುಗಟ್ಟಲೆ ನಡೆದರು. ಆ ಪ್ರಯಾಣದ ಬರಹ ಒಂದು ರೂಪಕ್ಕೆ ಬಂದದ್ದು 1694ರಲ್ಲಿ, ಅವರು ತೀರಿಕೊಂಡ ವರ್ಷ. ತುಂಬ ಚಿಕ್ಕ ಪುಸ್ತಕ ಅದು. ಇಷ್ಟು ತಾಳ್ಮೆಯಿಂದ ತಿದ್ದಿದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತೆ.

ಮೊದಲ ವಾರದ ಹಾಳೆಗಳನ್ನು ನನಗೆ ಕಳಿಸು. ಶುದ್ಧಪ್ರತಿ ಮಾಡಬೇಡ, ಇದ್ದ ಹಾಗೇ ಇರಲಿ. ಓದಲು ಕಾದಿದ್ದೇನೆ.

ನಿನ್ನ,
ದೊಡ್ಡಪ್ಪ