ತಾಳವಾಡಿಯ ಗೆಳೆಯನಿಗೊಂದು ಪತ್ರ

ಪ್ರಿಯ ಮಿತ್ರ,

ಮೊನ್ನೆ ಫೋನಿನಲ್ಲಿ ನಾವಿಬ್ಬರೂ ದೆಹಲಿಯನ್ನು ಬೈದು ಹಗುರಾದೆವಲ್ಲ, ಅಂದಿನಿಂದ ನನಗೆ ಸಮಾಧಾನವಿಲ್ಲ. 1976ರ 42ನೆಯ ತಿದ್ದುಪಡಿ ಶಿಕ್ಷಣವನ್ನು ರಾಜ್ಯ ಪಟ್ಟಿಯಿಂದ, ಕೇಂದ್ರವೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಎಳೆದುಕೊಂಡಿತು. ಕೇಂದ್ರದ ಮಾದರಿ ಶಾಲೆಗಳ ಯೋಜನೆಯಾದ ಪಿಎಂ ಶ್ರೀ ಒಪ್ಪಂದಕ್ಕೆ ಸಹಿ ಹಾಕಲಿಲ್ಲವೆಂದು ನಿಮ್ಮ ತಮಿಳುನಾಡಿಗೆ ಬರಬೇಕಿದ್ದ, ಶಾಲೆಗಳಿಗೆ ಕೇಂದ್ರ ನೆರವು ಕೊಡುವ ಸಮಗ್ರ ಶಿಕ್ಷಾ ಯೋಜನೆಯ 2,000 ಕೋಟಿ ರೂಪಾಯಿಗೂ ಮಿಕ್ಕ ಹಣವನ್ನು ತಡೆಹಿಡಿಯಲಾಯಿತು. ಇದು ಅನ್ಯಾಯವೆಂಬ ನನ್ನ ಮಾತಿನಲ್ಲಿ ಈಗಲೂ ಬದಲಾವಣೆಯಿಲ್ಲ. ಆದರೆ ಅದೇ ಚೆನ್ನೈ 2006ರ ಕಾಯ್ದೆಯಿಂದ ನಿನ್ನ ಕನ್ನಡ ಮಾಧ್ಯಮದ ಮಕ್ಕಳಿಗೂ ತಮಿಳನ್ನು ಕಡ್ಡಾಯ ಮಾಡುವಾಗ ಗಡಿಯಂಚಿನ ಕನ್ನಡದ ಊರು ತಾಳವಾಡಿಯನ್ನು ಕೇಳಿತ್ತೇ ಎಂದು ನೀನು ನಕ್ಕೆಯಲ್ಲ, ಆ ನಗು ಗಡಿ ದಾಟಿ ನನ್ನ ಕೊಠಡಿಯವರೆಗೂ ಬಂದಿತು.

ಹೋದ ತಿಂಗಳು ನಮ್ಮ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಿತ್ತು. ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಸೆಕ್ಷನ್ ಪ್ರಕಾರ ಅಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ಮುಖ್ಯ ಶಿಕ್ಷಕನಾದ ನಾನು ಬರೀ ಸದಸ್ಯ ಕಾರ್ಯದರ್ಶಿ. ಅಭ್ಯಾಸದಂತೆ ನಡವಳಿಯನ್ನು ಹಿಂದಿನ ರಾತ್ರಿಯೇ ಬರೆದು ಮುಗಿಸಿ, ಸಹಿಯ ಜಾಗಗಳಿಗೆ ಪೆನ್ಸಿಲ್ ಗುರುತು ಹಾಕಿಟ್ಟಿದ್ದೆ. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ನಮ್ಮ ಅಧ್ಯಕ್ಷೆ. ಎಂದೂ ಓದದೆ ಸಹಿ ಮಾಡುತ್ತಿದ್ದ ಅವರು ಅಂದು ಸಾಲಿನ ಮೇಲೆ ಬೆರಳಿಟ್ಟು ಓದಿ, "ಸರ್, ಗೋಡೆಗೆ ಬಣ್ಣ ಹೊಡೆಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು ಅಂತ ಇದೆಯಲ್ಲ, ನಾವು ಯಾವತ್ತು ತೀರ್ಮಾನ ಮಾಡಿದ್ದು?" ಎಂದು ಕೇಳಿದರು. ಅವರಿಗೆ ಬೇಕಾಗಿದ್ದುದು ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಪೈಪು.

"ಮೇಲಿನಿಂದ ಆದೇಶ ಬಂದಿದೆ ಅಮ್ಮ" ಎಂದೆ. ಅಂಥ ಆದೇಶವೇ ಇರಲಿಲ್ಲ ಕಣೋ. ಶಾಲಾ ಅನುದಾನದಲ್ಲಿ ದುರಸ್ತಿಗೂ ನೀರಿಗೂ ಅವಕಾಶವಿತ್ತು. ಆದರೆ ತಪಾಸಣೆಗೆ ಬರುವವರು ಗೋಡೆ ನೋಡುತ್ತಾರೆ, ಶೌಚಾಲಯದ ಹಿಂದಕ್ಕೆ ಯಾರೂ ಹೋಗುವುದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಸುತ್ತೋಲೆಗಳನ್ನು ಶಪಿಸುತ್ತ ಬಂದ ನಾನು, ಸುತ್ತೋಲೆಯೇ ಇಲ್ಲದ ಕಡೆ ಒಂದನ್ನು ಹುಟ್ಟಿಸಿಕೊಂಡು ಅದರ ನೆರಳಿನಲ್ಲಿ ಎಷ್ಟು ಹಾಯಾಗಿ ಕುಳಿತಿದ್ದೇನೆಂಬುದು, ಅವರು ಮರುಮಾತಿಲ್ಲದೆ ಪೆನ್ಸಿಲ್ ಗುರುತಿನ ಮೇಲೆಯೇ ಸಹಿ ಹಾಕಿದಾಗ ತಿಳಿಯಿತು. ಆ ಪುಟವನ್ನು ನಾನಿನ್ನೂ ತೆರೆದು ನೋಡಿಲ್ಲ.

ಸಾಕು, ಇಷ್ಟೆಲ್ಲ ಬರೆಯುವ ಉದ್ದೇಶವಿರಲಿಲ್ಲ. ಬಣ್ಣವೇನೋ ಚೆನ್ನಾಗಿ ಬಂದಿದೆ. ನಮ್ಮ ಹಾಸ್ಟೆಲಿನ ಶನಿವಾರದ ಉಪ್ಪಿಟ್ಟಿನದೇ ಬಣ್ಣ, ಬಂದರೆ ನೀನೇ ಗುರುತಿಸುವೆ. ಪೈಪಿನ ವಿಷಯ ಮುಂದಿನ ಸಭೆಗೆ ಇಟ್ಟಿದ್ದೇನೆ, ನಡವಳಿ ಪುಸ್ತಕವನ್ನು ಈ ಬಾರಿ ಖಾಲಿಯಾಗಿಯೇ ಒಯ್ಯುವ ಧೈರ್ಯ ಬಂದರೆ ತಿಳಿಸುತ್ತೇನೆ. ಅಂದ ಹಾಗೆ, ಈ ಪತ್ರವನ್ನು ಎಲ್ಲರೂ ಓದುವಂತೆ ಹಾಕುವ ಬಗ್ಗೆ ನಿನ್ನನ್ನು ಕೇಳಲು ಪುರಸೊತ್ತಾಗಲಿಲ್ಲ, ಸರ್ವಾನುಮತದಿಂದ ತೀರ್ಮಾನಿಸಲಾಗಿದೆ.

ನಿನ್ನ,
ಸದಸ್ಯ ಕಾರ್ಯದರ್ಶಿ