ಏಣಿ ಹತ್ತಿದ ಅಣ್ಣನಿಗೆ, ಉಳಿದೆಲ್ಲರಿಗೂ

ಆಸ್ಪತ್ರೆಯ ಸಿಬ್ಬಂದಿ ತರಬೇತಿ ಕೋಣೆಯಲ್ಲಿ ಮೊದಲ ಬ್ಯಾಚ್ ಮುಗಿಯಿತು. ಈ ಕೋಣೆ ಯಾಕೆ ಬೇಕಾಯಿತು, ಜಾಗಕ್ಕಾಗಿ ಎಷ್ಟು ಅಲೆದಾಡಿದೆವು ಎಂಬುದೆಲ್ಲ ನಿಮಗೆ ಗೊತ್ತಿದ್ದದ್ದೇ. ನೇರ ಋಣದ ಮಾತಿಗೆ ಬರುತ್ತೇವೆ.

ಬೆಡ್ ಸಲೀಸಾಗಿ ಒಳಬರಲೆಂದು ಬಾಗಿಲನ್ನು 120 ಸೆಂ.ಮೀ. ಅಗಲ ಮಾಡಿಸಿದ, ಬೆಡ್ಡಿನ ಮೂರೂ ಬದಿ ಖಾಲಿ ಬಿಡಿಸಿದ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ, ಕುರ್ಚಿಗಳ ಕೊನೆಯ ಸಾಲು ಪಾಠ ತೋರಿಸುವ ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಹೋಗಕೂಡದೆಂದು ಹಟ ಹಿಡಿದ ಆರ್ಕಿಟೆಕ್ಟ್, ತರಬೇತಿಯ ಒಂದೊಂದು ಆಂಪೂಲ್‌ಗೂ (ಇಂಜೆಕ್ಷನ್ ಮದ್ದಿನ ಪುಟ್ಟ ಗಾಜಿನ ಸೀಸೆ) ‘ರೋಗಿಗೆ ಬಳಸಬೇಡಿ’ ಎಂಬ ಚೀಟಿ ಅಂಟಿಸಿದ ಫಾರ್ಮಸಿಯವರು, ಎಲ್ಲರಿಗೂ ಧನ್ಯವಾದ.

ಉಳಿದದ್ದೆಲ್ಲ ಮೆಂಟೆನೆನ್ಸ್ ವಿಭಾಗದ ರಾತ್ರಿ ಪಾಳಿಯ ಅಣ್ಣನಿಗೆ. ಯಾವ ಮೀಟಿಂಗಿಗೂ ನಾವು ಅವರನ್ನು ಕರೆದಿರಲಿಲ್ಲ.

ಉದ್ಘಾಟನೆಯ ಹಿಂದಿನ ರಾತ್ರಿ ಸೀಲಿಂಗ್ ಸೋರಿತು. ತೊಟ್ಟಿಕ್ಕಿದ್ದು ಸರಿಯಾಗಿ ಸಿಪಿಆರ್ ಮ್ಯಾನಿಕಿನ್, ಅಂದರೆ ಹೃದಯ ನಿಂತವರ ಎದೆ ಒತ್ತುವುದನ್ನು ಕಲಿಯುವ ಬೊಂಬೆಯ, ಎದೆಯ ಮೇಲೆ. ಒತ್ತಿದ ಆಳ 5ರಿಂದ 6 ಸೆಂ.ಮೀ. ಇದೆಯೇ, ವೇಗ ನಿಮಿಷಕ್ಕೆ 100ರಿಂದ 120 ಇದೆಯೇ ಎಂದು ಅಳೆಯುವ ಸೆನ್ಸರ್ ಇರುವುದೂ ಅಲ್ಲೇ. ಪೈಪ್ ಒಡೆದಿರಬೇಕು ಎಂದೆವು ನಾವು. ಅಣ್ಣ ಏಣಿ ಹತ್ತಿ, ಎಸಿಯ ಡ್ರೈನ್ ಪೈಪಿನ ಬಾಯಿಗೆ ಟಿಶ್ಯೂ ಚೂರೊಂದನ್ನು ಹಿಡಿದರು. ಪೈಪು ಅದನ್ನು ಒಳಕ್ಕೆ ಎಳೆದುಕೊಂಡಿತು. “ನೀರು ಇಳಿಯೋ ದಾರೀಲಿ ಗಾಳಿ ಹತ್ತುತಾ ಇದೆ ಸರ್” ಎಂದರು.

ಗಾಳಿಯನ್ನು ತಂಪು ಮಾಡುವ ಕಾಯಿಲ್ ದಾಟಿದ ಮೇಲೆ ಫ್ಯಾನ್ ಇರುವ ಎಸಿಗಳಲ್ಲಿ, ಕಾಯಿಲ್‌ನಿಂದ ತೊಟ್ಟಿಕ್ಕುವ ನೀರು ಹಿಡಿಯುವ ತಟ್ಟೆಯ ಬಳಿ ಗಾಳಿಯ ಎಳೆತ ಇರುತ್ತದೆ. ನೀರು ನಿಂತು ಗಾಳಿಯನ್ನು ತಡೆಯುವ ಯು ಆಕಾರದ ಬಾಗು, ಅಂದರೆ ಟ್ರ್ಯಾಪ್, ಪೈಪಿಗೆ ಇಲ್ಲದಿದ್ದರೆ ಆ ಎಳೆತ ನೀರನ್ನು ಇಳಿಯಗೊಡುವುದಿಲ್ಲ. ತಟ್ಟೆ ತುಂಬಿ ಚೆಲ್ಲುತ್ತದೆ. ಹಿಂದೆ ಪರೀಕ್ಷೆ ಮಾಡಿದ್ದು ಫ್ಯಾನ್ ನಿಲ್ಲಿಸಿಟ್ಟು. ಆಗ ನೀರು ಚೆನ್ನಾಗಿಯೇ ಹರಿದಿತ್ತು. ‘ಫ್ಯಾನ್ ಚಾಲೂ ಇಟ್ಟು’ ಎಂಬ ಮಾತು ನಮ್ಮ ಚೆಕ್‌ಲಿಸ್ಟ್‌ನಲ್ಲೇ ಇರಲಿಲ್ಲ.

ನಡುರಾತ್ರಿ ಕಳೆದ ಮೇಲೆ ನಾವು ಅವರ ಮೇಲೆಯೇ ರೇಗಿದೆವು. “ಇಷ್ಟು ದಿನ ಏನ್ ಮಾಡ್ತಿದ್ರಿ?” ಎಂದದ್ದನ್ನು ಇಲ್ಲಿ ಬರೆಯುವುದಕ್ಕೂ ನಾಚಿಕೆ. ಅವರು ಮರುಮಾತಾಡಲಿಲ್ಲ. ಟಾರ್ಚ್ ಸ್ವಲ್ಪ ಎಡಕ್ಕೆ ಹಿಡೀರಿ ಎಂದರು, ಅಷ್ಟೇ.

ಎಳೆತಕ್ಕೆ ತಕ್ಕ ಆಳದ ಟ್ರ್ಯಾಪ್ ಕೂರಿಸಿ, ಪೈಪಿಗೆ ಮೀಟರಿಗೆ 1 ಸೆಂ.ಮೀ. ಇಳಿಜಾರು ಕೊಟ್ಟು, ಟ್ರ್ಯಾಪಿಗೆ ಮೊದಲು ನೀರು ತುಂಬಿಸಿ, ಫ್ಯಾನ್ ಹಾಕಿ, ತಟ್ಟೆಗೆ ಮಗ್ಗಿನಿಂದ ನೀರು ಸುರಿಯುತ್ತಾ ಹೋದರು. ಅಷ್ಟೂ ಹೊರಬಂತು. ಅದಕ್ಕೂ ಮೊದಲು, ಪೈಪಿನ ಅಂಟು ಒಣಗುವ ಹೊತ್ತಿನಲ್ಲಿ, ಸುಮ್ಮನೆ ಕೂರದೆ ಅಭ್ಯಾಸದ ಬೆಡ್ಡಿನ ಕಾಲ್‌ಬೆಲ್ ಒತ್ತಿ ನೋಡಿದ್ದಾರೆ: ಪಕ್ಕದ ವಾರ್ಡಿನಿಂದ ನಿಜವಾದ ಸಿಸ್ಟರ್ ಓಡಿಬಂದರು! ವೈರು ವಾರ್ಡಿನ ಲೈನಿಗೇ ಸೇರಿತ್ತು. ಈಗ ಬೆಲ್ ಒತ್ತಿದರೆ ಕೋಣೆಯೊಳಗಿನ ದೀಪವಷ್ಟೇ ಹತ್ತುತ್ತದೆ.

‘ಎಸಿ ಬಹಳ ದಿನ ನಿಂತಿದ್ದರೆ ಟ್ರ್ಯಾಪ್ ಒಣಗಿರುತ್ತೆ, ಮೊದಲು ನೀರು ಹಾಕಿ’ ಎಂದು ಅವರು ಸಿಗರೇಟ್ ಪ್ಯಾಕಿನಷ್ಟಗಲದ ರಟ್ಟಿನ ಮೇಲೆ ಬರೆದಿಟ್ಟದ್ದನ್ನು ಲ್ಯಾಮಿನೇಟ್ ಮಾಡಿಸಿ ಸ್ವಿಚ್‌ಬೋರ್ಡಿನ ಪಕ್ಕ ಹಾಕಿದ್ದೇವೆ.

ಅಣ್ಣಾ, ಆ ರಾತ್ರಿಯ ಮಾತಿಗೆ ಕ್ಷಮೆ ಇರಲಿ. ಮುಂದಿನ ಬ್ಯಾಚಿಗೆ ಸೋರಿಕೆ ಬಗ್ಗೆ ಅರ್ಧ ಗಂಟೆಯ ಕ್ಲಾಸು ಇಟ್ಟಿದ್ದೇವೆ. ಅದು ನಿಮ್ಮದು, ಬರಬೇಕು.