ವಾಲ್ವ್ ಆಂಪ್ಲಿಫೈಯರ್‌ನ ಇಂಪು ಎಲ್ಲಿಂದ ಬರುತ್ತದೆ?

ಮಾನ್ಯ ಸಂಪಾದಕರೇ,

ಹೆಡ್‌ಫೋನ್ ಕೊಳ್ಳುವವರಿಗಾಗಿ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಅದರಲ್ಲಿ ವಾಲ್ವ್ ಆಂಪ್ಲಿಫೈಯರ್ (ಕಾದು ಕೆಲಸ ಮಾಡುವ ಗಾಜಿನ ಕೊಳವೆಗಳಿಂದ ದನಿ ಹೆಚ್ಚಿಸುವ ಸಾಧನ) ಬಗ್ಗೆ ಇದ್ದದ್ದು ಎರಡೇ ಸಾಲು. ಅದರ ದನಿ 'ಬೆಚ್ಚಗೆ' ಇರುತ್ತದೆ, ಅದೇ ಕೆಲಸ ಮಾಡುವ ಪುಟ್ಟ ಬಿಡಿಭಾಗವಾದ ಟ್ರಾನ್ಸಿಸ್ಟರಿನದು 'ನಿಖರ'ವಾಗಿರುತ್ತದೆ, ಬೇಕಾದ್ದನ್ನು ಆರಿಸಿಕೊಳ್ಳಿ ಅಂತ. ಐವತ್ತು ವರ್ಷ ಧಾರವಾಡದಲ್ಲಿ ರೇಡಿಯೋ ರಿಪೇರಿ ಮಾಡಿದ ನನಗೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ದನಿ ಬೆಚ್ಚಗೆ ಇರುವುದು ಅಂದರೆ ಏನು? ಅದು ಯಾವ ಭಾಗದಿಂದ ಬರುತ್ತದೆ? ಸಾವಿರಾರು ರೂಪಾಯಿ ಕೊಟ್ಟು ತರುವವರಿಗೆ ಇದು ತಿಳಿದಿರಬೇಕು, ಅಲ್ವಾ?

ನಾನು ಅಪ್ಪನ ಅಂಗಡಿಯಲ್ಲಿ ಕೂತದ್ದು 1972ರಲ್ಲಿ, ಹದಿನಾಲ್ಕನೇ ವಯಸ್ಸಿಗೆ. ಆಗ ಇನ್ನೂ ವಾಲ್ವ್ ರೇಡಿಯೋಗಳು ರಿಪೇರಿಗೆ ಬರುತ್ತಿದ್ದವು. ಹಿಂದಿನ ರಟ್ಟು ತೆಗೆದರೆ ಬಿಸಿಯಾದ ಧೂಳಿನ ವಾಸನೆ. ಎಷ್ಟೋ ಸೆಟ್ಟುಗಳಲ್ಲಿ ಕೊನೆಯ ವಾಲ್ವ್ ಇಎಲ್84. ಕೆಲವದರ ಗಾಜಿನ ಮೇಲೆ ನಮ್ಮ ಬಿಇಎಲ್ ಹೆಸರೇ ಇರುತ್ತಿತ್ತು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವ್ ತಯಾರಿಸಲು ಶುರು ಮಾಡಿತು, ಮರುವರ್ಷವೇ ಟ್ರಾನ್ಸಿಸ್ಟರ್ ಜಾತಿಯ ಜರ್ಮೇನಿಯಂ ಸೆಮಿಕಂಡಕ್ಟರ್ ಕೂಡ. ಇವತ್ತು ಜನ ವಾಲ್ವ್ ಪಕ್ಷ, ಟ್ರಾನ್ಸಿಸ್ಟರ್ ಪಕ್ಷ ಅಂತ ಜಗಳ ಆಡುವುದನ್ನು ನೋಡಿದಾಗ ನನಗೆ ಇದು ನೆನಪಾಗುತ್ತದೆ. ನಮ್ಮ ನಾಡಿನ ಮಟ್ಟಿಗೆ ಎರಡೂ ಒಂದೇ ಮನೆಯ ಮಕ್ಕಳು.

ಅಪ್ಪನಿಗೆ ಮಾತ್ರ ಟ್ರಾನ್ಸಿಸ್ಟರ್ ಸೆಟ್ಟಿನ ದನಿ ಹಿಡಿಸುತ್ತಿರಲಿಲ್ಲ. ಸಣ್ಣಗೆ ಇಟ್ಟಾಗ ಕಿವಿಗೆ ಚುಚ್ಚುತ್ತದೆ ಅನ್ನುತ್ತಿದ್ದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆಗಿನ ಸೆಟ್ಟುಗಳಲ್ಲಿ ದನಿಯ ಅಲೆಯ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ನೋಡಿಕೊಳ್ಳುತ್ತಿತ್ತು. ಒಂದು ಬಿಟ್ಟು ಇನ್ನೊಂದು ಹಿಡಿಯುವ ಜಾಗದಲ್ಲಿ ಸಣ್ಣ ಮುರಿತ ಬೀಳುತ್ತಿತ್ತು. ದನಿ ಸಣ್ಣದಾದಷ್ಟೂ ಆ ಮುರಿತ ಎದ್ದು ಕೇಳುತ್ತದೆ. ಅದರಿಂದ ಹುಟ್ಟುವ, ಮೂಲ ಸ್ವರದ ಏಳು ಪಟ್ಟು ವೇಗದ ಕಂಪನದಂಥವು ನಮ್ಮ ಯಾವ ಸ್ವರದ ಜೊತೆಗೂ ಕೂಡುವುದಿಲ್ಲ. ಈಗಿನ ಒಳ್ಳೆಯ ಆಂಪ್ಲಿಫೈಯರ್‌ಗಳಲ್ಲಿ ಆ ದೋಷ ಇಲ್ಲ. ಹೆಸರು ಮಾತ್ರ ಆಗ ಕೆಟ್ಟದ್ದು ಇನ್ನೂ ಸರಿಯಾಗಿಲ್ಲ.

ವಾಲ್ವ್ ಏನು ಮಾಡುತ್ತದೆ ಎಂಬುದನ್ನು ನಮ್ಮ ಊರಿನವರಿಗೆ ತಂಬೂರಿ ತೋರಿಸಿಯೇ ಹೇಳಬಹುದು. ಷಡ್ಜದ ತಂತಿ ಮೀಟಿ ನೋಡಿ. ಆ ಒಂದೇ ತಂತಿಯಲ್ಲಿ ಮೇಲಿನ ಷಡ್ಜ ಕೇಳುತ್ತದೆ, ಅದರಾಚೆಯ ಪಂಚಮ ಕೇಳುತ್ತದೆ. ಕಿವಿಗೊಟ್ಟರೆ, ಯಾವ ತಂತಿಗೂ ಕಟ್ಟದ ಗಾಂಧಾರವೂ ಕೇಳುತ್ತದೆ. ಮೂಲ ಸ್ವರದ ಎರಡು, ಮೂರು, ಐದು ಪಟ್ಟು ಕಂಪನಗಳು ಇವು. ಕುದುರೆಯ (ತಂತಿ ಹಾಯುವ ಪಟ್ಟಿಯ) ಮೇಲೆ ತಂತಿಯ ಕೆಳಗೆ ದಾರ ಸರಿಸಿ ಜವಾರಿ, ಅಂದರೆ ಗುಂಯ್‌ಗುಡುವ ನಾದ, ತೆಗೆಯುವುದು ಇವು ಅರಳಲಿ ಅಂತಲೇ. ವಾಲ್ವ್ ಕೂಡ ತನಗೆ ಕೊಟ್ಟ ಸ್ವರಕ್ಕೆ ಹೀಗೆ ಸೇರಿಸುತ್ತದೆ, ಅದರಲ್ಲೂ ಎರಡು ಪಟ್ಟಿನದೇ ಜಾಸ್ತಿ. ಅಂದರೆ ಷಡ್ಜಕ್ಕೆ ಮೇಲಿನ ಷಡ್ಜ. ಹಾಗಾಗಿ ಅದು ಅಪಸ್ವರ ಅನ್ನಿಸುವುದಿಲ್ಲ, ದನಿ ತುಂಬಿದ ಹಾಗೆ ಕೇಳುತ್ತದೆ. ಒಬ್ಬರೇ ಹಾಡುವ ಖಯಾಲ್ ಗಾಯನಕ್ಕೆ ಇದು ಒಗ್ಗುತ್ತದೆ. ಐವತ್ತು ಪಿಟೀಲು ಒಟ್ಟಿಗೆ ನುಡಿಯುವ ಕಡೆ ಇದೇ ಗುಣ ಕಲಸುಮೇಲೋಗರ ಮಾಡುತ್ತದೆ. ಎರಡು ಸ್ವರ ಒಟ್ಟಿಗೆ ಬಂದಾಗ ಅವುಗಳ ಮೊತ್ತ, ವ್ಯತ್ಯಾಸದ ಕಂಪನಗಳೂ ಹುಟ್ಟಿಕೊಳ್ಳುತ್ತವೆ. ಅವು ಯಾವ ರಾಗಕ್ಕೂ ಸೇರಿದವಲ್ಲ.

ಇಷ್ಟನ್ನು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ವಾಲ್ವಿನ ಇಂಪಿಗೆ ಇದೇ ಕಾರಣ ಅಂತ ಅಂಗಡಿಗೆ ಬಂದವರಿಗೂ ಹೇಳುತ್ತಿದ್ದೆ. ಮೊನ್ನೆ ಬೇಸಿಗೆ ರಜೆಯಲ್ಲಿ ನನ್ನ ಮೊಮ್ಮಗಳು ಅದನ್ನು ಪರೀಕ್ಷೆ ಮಾಡೋಣ ಅಂದಳು. ಅವಳು ಎಂಜಿನಿಯರಿಂಗ್ ಓದುತ್ತಿದ್ದಾಳೆ.

ನನ್ನ ಹತ್ತಿರ ಹೆಡ್‌ಫೋನಿಗಾಗಿ ನಾನೇ ಕಟ್ಟಿದ ವಾಲ್ವ್ ಆಂಪ್ಲಿಫೈಯರ್ ಸೆಟ್ ಇದೆ. ಮುಂದೆ ಇಸಿಸಿ82 ಎಂಬ ವಾಲ್ವ್, ಹಿಂದೆ 6080 ಎಂಬ ದಪ್ಪನೆಯದು. ಈ 6080 ಹಾಡು ಕೇಳಲಿಕ್ಕೆ ಹುಟ್ಟಿದ ವಾಲ್ವೇ ಅಲ್ಲ, ಪವರ್ ಸಪ್ಲೈನ ವೋಲ್ಟೇಜ್ ಹಿಡಿದಿಡಲು ಮಾಡಿದ್ದು. ಅದರ ಹೀಟರ್ ಒಂದಕ್ಕೇ 6.3 ವೋಲ್ಟ್, 2.5 ಆಂಪಿಯರ್ ಬೇಕು. ಹೆಚ್ಚೂ ಕಡಿಮೆ 16 ವ್ಯಾಟ್. ಕಿವಿಯಲ್ಲಿರುವ ಹೆಡ್‌ಫೋನಿಗೆ ಒಂದು ಮಿಲಿವ್ಯಾಟ್ ಹೋದರೂ ಜೋರಾಗಿ ಕೇಳುತ್ತದೆ. ಹೆಡ್‌ಫೋನ್ ಸೆನ್‌ಹೈಸರ್ ಎಚ್‌ಡಿ 650, 300 ಓಮ್‌ನದು (ಓಮ್ ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ). ಎದುರಿಗೆ ಮೊಮ್ಮಗಳು ತಂದ ಅಂಗೈಯಗಲದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್.

ಮೊದಲು ಎರಡರ ವಾಲ್ಯೂಮ್ ಸಮ ಮಾಡಿದೆವು. ಇದು ಬಹಳ ಮುಖ್ಯ. ಸ್ವಲ್ಪ ಜೋರಾಗಿರುವುದೇ ಯಾವಾಗಲೂ ಚೆನ್ನಾಗಿ ಕೇಳುತ್ತದೆ. 400 ಹರ್ಟ್ಸ್‌ನ (ಸೆಕೆಂಡಿಗೆ 400 ಕಂಪನದ) ಒಂದೇ ಸ್ವರ ಬಿಟ್ಟು, ಹೆಡ್‌ಫೋನ್ ಸಿಕ್ಕಿಸಿಯೇ, ಮಲ್ಟಿಮೀಟರಿನಲ್ಲಿ ಎರಡನ್ನೂ 300 ಮಿಲಿವೋಲ್ಟ್‌ಗೆ ತಂದೆವು. ವ್ಯತ್ಯಾಸ 3 ಮಿಲಿವೋಲ್ಟ್ ಮೀರದ ಹಾಗೆ. ಆಮೇಲೆ ನಾನು ಬೆನ್ನು ತಿರುಗಿಸಿ ಕೂತೆ. ಅವಳು ಸ್ವಿಚ್ ಬದಲಿಸುತ್ತಾ ಹೋದಳು. 20 ಸಲದಲ್ಲಿ 17 ಸಲ ಯಾವುದು ವಾಲ್ವ್ ಅಂತ ಸರಿಯಾಗಿ ಹೇಳಿದೆ. ಖುಷಿಯಾಯಿತು.

ಮರುದಿನ ಅವಳು ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಔಟ್‌ಪುಟ್‌ಗೆ ಸರಣಿಯಲ್ಲಿ 120 ಓಮ್‌ನ ಒಂದು ರೆಸಿಸ್ಟರ್ (ತಡೆ ಒಡ್ಡುವ ಬಿಡಿಭಾಗ) ಬೆಸೆದಳು. ಒಂದೆರಡು ರೂಪಾಯಿಯ ರೆಸಿಸ್ಟರ್. ಮತ್ತೆ ವಾಲ್ಯೂಮ್ ಸಮ ಮಾಡಿದೆವು, ಮತ್ತೆ 20 ಸಲ ಕೇಳಿದೆ. ಈ ಸಲ ಸರಿಯಾದದ್ದು 11. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು.

ನಾನು ಸ್ವಲ್ಪ ಹೊತ್ತು ಮಾತಾಡದೆ ಕೂತೆ. ಆಮೇಲೆ ಇಬ್ಬರೂ ಲೆಕ್ಕ ಹಾಕಿದೆವು. ಈ ಹೆಡ್‌ಫೋನ್ 300 ಓಮ್ ಅಂತ ಬರೆದಿದ್ದರೂ 80ರಿಂದ 100 ಹರ್ಟ್ಸ್ ಸುತ್ತ ಅದು 500 ಓಮ್ ಹತ್ತಿರ ಏರುತ್ತದೆ. ನನ್ನ ವಾಲ್ವ್ ಸೆಟ್ಟಿನ ಒಳಗಿನ ತಡೆ ಸುಮಾರು 120 ಓಮ್. ಎರಡೂ ಸೇರಿದಾಗ ಹೆಡ್‌ಫೋನಿನ ಓಮ್ ಏರಿದ ಕಡೆ ಅದಕ್ಕೆ ಹೆಚ್ಚು ವೋಲ್ಟೇಜ್ ಸಿಕ್ಕಿ, ಆ ಕೆಳಗಿನ ಸ್ವರಗಳು 1 ಡೆಸಿಬಲ್‌ನಷ್ಟು (ಡೆಸಿಬಲ್ ದನಿಯ ಜೋರಿನ ಅಳತೆ) ಎದ್ದು ನಿಲ್ಲುತ್ತವೆ. ಮೊಮ್ಮಗಳು ಬೆಸೆದ ರೆಸಿಸ್ಟರ್ ಟ್ರಾನ್ಸಿಸ್ಟರ್ ಡಬ್ಬಿಗೂ ಅಷ್ಟೇ ತಡೆ ಕೊಟ್ಟಿತು, ಅದಕ್ಕೇ ನನಗೆ ಗುರುತು ಹತ್ತಲಿಲ್ಲ. ಗಂಡಸರು ಹಾಡುವಾಗಿನ ತಂಬೂರಿಯ ಖರಜ ಅದರ ಆಸುಪಾಸಿನಲ್ಲೇ ಇರುವುದು. ನಾನು ಇಷ್ಟು ದಿನ ವಾಲ್ವಿನ ಜೀವ ಅಂದುಕೊಂಡದ್ದರಲ್ಲಿ ದೊಡ್ಡ ಪಾಲು ಈ ಒಂದು ಡೆಸಿಬಲ್. ಎರಡು ಪಟ್ಟಿನ ಕಂಪನ ಸುಳ್ಳಲ್ಲ, ಅದೂ ಇದೆ. ಆದರೆ ನಾನು ಕೇಳುವ ವಾಲ್ಯೂಮಿಗೆ ಅದು ಬಹಳ ಸಣ್ಣದು, ಹಾಡಿನ ಕೆಳಗೇ ಮುಚ್ಚಿಹೋಗುತ್ತದೆ.

ಹಾಗಾದರೆ ವಾಲ್ವ್ ಬೇಡ್ವಾ? ಸಂಜೆ ನಾನು ಹಚ್ಚುವುದು ಈಗಲೂ ಅದನ್ನೇ. ಕಾಯಲು ಅರ್ಧ ನಿಮಿಷ ಬೇಕು, ಆ ಅರ್ಧ ನಿಮಿಷ ನಾನೂ ಕೂತು ಕಾಯುತ್ತೇನೆ. ಅದನ್ನು ಇಷ್ಟಪಡುವವರಿಗೆ ಕಿವಿ ಸರಿಯಿಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಹಾಗೆಯೇ, ರೆಕಾರ್ಡಿಂಗ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೆ ಕೊಡುವುದು ವಾಲ್ವೇ ಅನ್ನುವ ಮಾರಾಟಗಾರರ ಮಾತನ್ನೂ ಒಪ್ಪಲಾರೆ. ಇದ್ದ ಹಾಗೆ ಕೊಡುವುದು ಆ ಅಂಗೈಯಗಲದ ಡಬ್ಬಿ. ಮೊದಲ ಸಲ ಕೊಳ್ಳುವವರು, ಕೈಯಲ್ಲಿ ಕಡಿಮೆ ದುಡ್ಡಿರುವವರು ಅದನ್ನೇ ತರಲಿ.

ಪಕ್ಕದ ಮನೆಯ ಹುಡುಗ ಹೋದ ವರ್ಷ ಆನ್‌ಲೈನಿನಲ್ಲಿ ಒಂದು 'ಟ್ಯೂಬ್ ಆಂಪ್ಲಿಫೈಯರ್' (ವಾಲ್ವಿಗೇ ಇನ್ನೊಂದು ಹೆಸರು ಟ್ಯೂಬ್) ತರಿಸಿ ನನ್ನ ಹತ್ತಿರ ತಂದ. ವಾಲ್ವಿನ ಕೆಂಪು ಬೆಳಕು ನೋಡಿ ಅವನಿಗೆ ಬಹಳ ಸಂತೋಷವಾಗಿತ್ತು. ಬಿಚ್ಚಿದರೆ ಆ ಬೆಳಕು ವಾಲ್ವಿನ ಕೆಳಗೆ ಕೂರಿಸಿದ ಎಲ್‌ಇಡಿಯದು. ಹೆಡ್‌ಫೋನ್ ಓಡಿಸುತ್ತಿದ್ದದ್ದು ಹಿಂದಿನ ಒಂದು ಐಸಿ, ಅಂದರೆ ಟ್ರಾನ್ಸಿಸ್ಟರ್ ತುಂಬಿದ ಚಿಪ್. ಅವನು ಪಾರ್ಟ್ ಟೈಮ್ ಕೆಲಸ ಮಾಡಿ ಕೂಡಿಟ್ಟ ದುಡ್ಡು ಅದು. ನನಗೆ ತುಂಬಾ ಸಂಕಟವಾಯಿತು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಇನ್ನು ಮುಂದೆ ಇಂಥ ಸಾಮಾನಿನ ಬಗ್ಗೆ ಬರೆಸುವಾಗ ಆಂಪ್ಲಿಫೈಯರಿನ ಔಟ್‌ಪುಟ್ ಇಂಪೀಡೆನ್ಸ್ (ನಾನು ಮೇಲೆ ಹೇಳಿದ ಒಳಗಿನ ತಡೆ) ಎಷ್ಟು ಓಮ್ ಎಂಬುದನ್ನು ದಯವಿಟ್ಟು ಹಾಕಿಸಿ. ಅದು ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ದನಿ ಹೆಚ್ಚು ಬದಲಾಗುವುದಿಲ್ಲ. ನನ್ನ ಸೆಟ್ಟಿಗೆ ಯಾರಾದರೂ ಮೊಬೈಲಿನ 32 ಓಮ್ ಇಯರ್‌ಫೋನ್ ಸಿಕ್ಕಿಸಿದರೆ ಶಕ್ತಿಯ ಬಹುಪಾಲು ಸೆಟ್ಟಿನ ಒಳಗೇ ಉಳಿಯುತ್ತದೆ. ಜೊತೆಗೆ, ಆ ಹುಡುಗನ ಡಬ್ಬಿಯಂತೆ ವಾಲ್ವ್ ಬರೀ ತೋರಿಕೆಗೆ ಇದೆಯೇ ಅಂತ ತಿಳಿಯಲು, ವಾಲ್ವಿಗೆ ಎಷ್ಟು ವೋಲ್ಟ್ ಕೊಟ್ಟಿದ್ದಾರೆ ಅಂತಲೂ ಬರೆಸಿ.

ಕಿಟ್ ತರಿಸಿ ತಾವೇ ಕಟ್ಟುವ ಹುಡುಗರಿಗೂ ಒಂದು ಮಾತು. ಒಳಗೆ 150ರಿಂದ 300 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ಮೀಟರ್ ಇಟ್ಟು ಸೊನ್ನೆಗೆ ಇಳಿದಿದೆ ಅಂತ ನೋಡಿಕೊಳ್ಳದೆ ಬೆರಳು ಹಾಕಬೇಡಿ.

— ನಿವೃತ್ತ ರೇಡಿಯೋ ಮೆಕ್ಯಾನಿಕ್, ಧಾರವಾಡ